ಇನ್‌ಸ್ಟಾಗ್ರಾಂ ಇರುವಾಗ ಸೀರೆ ವ್ಯಾಪಾರಕ್ಕೆ ಬ್ಲಾಗ್ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಇಳಕಲ್. ಮನೆಯಲ್ಲೇ ಕೈಮಗ್ಗ ಇದೆ, ಅಪ್ಪ ನೇಯುತ್ತಾರೆ, ಆನ್‌ಲೈನ್ ವ್ಯಾಪಾರ ನಾನು ನೋಡಿಕೊಳ್ಳುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಹಾಕಿದರೆ ಎರಡು ದಿನ ಒಂದೇ ಸಮ ಮೆಸೇಜ್, ಆಮೇಲೆ ಒಂದೂ ಇಲ್ಲ. ಬ್ಲಾಗ್ ಬರೆಯಿರಿ ಅಂತ ಒಬ್ಬರು ಹೇಳಿದರು. ಈಗ ಅದನ್ನು ಯಾರು ಓದುತ್ತಾರೆ? ಸುಮ್ನೆ ಟೈಮ್ ವೇಸ್ಟ್ ಅಲ್ವಾ?

ಉತ್ತರ: ಬಿಡುವಿದೆ ಅಂತ ಕೂತು ಓದುವವರು ಕಮ್ಮಿ, ಅದು ನಿಜ. ಆದರೆ ಹುಡುಕಿಕೊಂಡು ಬರುವವರು ಇದ್ದೇ ಇದ್ದಾರೆ. ಮಗಳ ಮದುವೆಗೆ ಸೀರೆ ತೆಗೆಯಬೇಕು ಅಂದುಕೊಂಡವರು ರಾತ್ರಿ ಊಟ ಮುಗಿಸಿ ಗೂಗಲ್‌ನಲ್ಲಿ ‘ಕೈಮಗ್ಗದ ಇಳಕಲ್ ಸೀರೆ ಗುರುತಿಸುವುದು ಹೇಗೆ’ ಅಂತ ಟೈಪ್ ಮಾಡುತ್ತಾರೆ. ಅವರು ಕೊಳ್ಳುವ ಮನಸ್ಸು ಮಾಡಿದವರು. ರೀಲ್ಸ್ ನೋಡಿ ಹಾರ್ಟ್ ಒತ್ತಿ ಹೋಗುವವರಿಗಿಂತ ಇಂಥ ಹತ್ತು ಜನ ಸಿಕ್ಕರೆ ಸಾಕು.

ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಾಟ್ಸಾಪ್ ತೆಗೆದು ಗಿರಾಕಿಗಳು ಪದೇ ಪದೇ ಏನು ಕೇಳಿದ್ದಾರೆ ನೋಡಿ. ಬಣ್ಣ ಬಿಡುತ್ತಾ? ಪವರ್‌ಲೂಮ್ ಸೀರೆ ಅಷ್ಟು ಅಗ್ಗ, ನಿಮ್ಮದು ಯಾಕೆ ಇಷ್ಟು? ಸೀರೆ ಅಂಚಿನಲ್ಲಿ ಚಿಕ್ಕಿ ದಡಿಗೂ ಗೋಮಿ ದಡಿಗೂ ಏನು ವ್ಯತ್ಯಾಸ? ಒಂದೊಂದಕ್ಕೂ ಒಂದೊಂದು ಬರಹ. ಮೊದಲು ಕೊಂಡಿ ಬಗ್ಗೆ ಬರೆಯಿರಿ. ಒಡಲಿನ ಹಾಸು ಎಳೆಗೆ, ಅಂದರೆ ಉದ್ದಕ್ಕೆ ಹಾಸಿದ ಎಳೆಗೆ, ಸೆರಗಿನ ಎಳೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಅಪ್ಪ ಆ ಕೆಲಸ ಮಾಡುವಾಗ ಬೆರಳು ಕಾಣುವಷ್ಟು ಹತ್ತಿರದಿಂದ ಫೋಟೋ ತೆಗೆದು, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅವರ ಮಾತಲ್ಲೇ ಹಾಕಿ. ರೇಟು ಯಾಕೆ ಜಾಸ್ತಿ ಅಂತ ಕೇಳಿದವರಿಗೆ ಆ ಲಿಂಕ್ ಕಳಿಸಿದರೆ ಆಯ್ತು, ದಿನಾ ಅದನ್ನೇ ಟೈಪ್ ಮಾಡುವುದು ತಪ್ಪುತ್ತೆ.

ಇನ್ನೊಂದು. ಮಹಾರಾಷ್ಟ್ರದಲ್ಲಿ ಇದೇ ಸೀರೆಗೆ ಇರ್ಕಲ್ ಅನ್ನುತ್ತಾರೆ, ಅಲ್ಲೂ ಉಡುವವರು ಬಹಳ. ಬರಹದಲ್ಲಿ ಆ ಹೆಸರೂ ಒಂದೆರಡು ಕಡೆ ಬರಲಿ.

ಇನ್‌ಸ್ಟಾಗ್ರಾಂ ಬಿಡಿ ಅಂತ ನಾನು ಹೇಳುತ್ತಿಲ್ಲ. ಅದೊಂದನ್ನೇ ನಂಬಬೇಡಿ ಅಷ್ಟೇ. 2020ರ ಜೂನ್‌ನಲ್ಲಿ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿತು. ಅಲ್ಲಿ ಮಾತ್ರ ಗಿರಾಕಿ ಕಟ್ಟಿಕೊಂಡಿದ್ದವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು.

ಪ್ರಶ್ನೆ: ಖರ್ಚು ಎಷ್ಟಾಗುತ್ತೆ ಮೇಡಂ? ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಾ?

ಉತ್ತರ: ಬ್ಲಾಗ್ ಮಾಡೋಕೆ ಗೂಗಲ್‌ನ ಬ್ಲಾಗರ್ ಅನ್ನುವ ತಾಣ ಪುಕ್ಕಟೆ, ಶುರುವಿಗೆ ಅದು ಧಾರಾಳ ಸಾಕು. ಸ್ವಂತ ಡೊಮೈನ್ ಹೆಸರು, ಅಂದರೆ ನಿಮ್ಮದೇ ವೆಬ್ ವಿಳಾಸ, ಮಾತ್ರ ಕೊಂಡುಬಿಡಿ, ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿ ಆಚೀಚೆ. ನಾಳೆ ವರ್ಡ್‌ಪ್ರೆಸ್‌ನಂಥ ಬೇರೆ ಬ್ಲಾಗ್ ತಾಣಕ್ಕೆ ಹೋದರೂ ವಿಳಾಸ ನಿಮ್ಮದೇ ಇರುತ್ತೆ.

ಭಾಷೆ ಗಿರಾಕಿ ನೋಡಿಕೊಂಡು. ಬೆಂಗಳೂರು, ಪುಣೆ, ಅಮೆರಿಕಕ್ಕೆ ಕಳಿಸುತ್ತೀರಾದರೆ ಇಂಗ್ಲಿಷ್ ಬೇಕೇ ಬೇಕು. ಕನ್ನಡದಲ್ಲಿ ಹುಡುಕುವವರು ಕಮ್ಮಿ, ಆದರೆ ಬರೆಯುವವರು ಇನ್ನೂ ಕಮ್ಮಿ, ಹಾಗಾಗಿ ಗೂಗಲ್‌ನಲ್ಲಿ ಮೇಲೆ ಬರುವುದು ಸುಲಭ. ಎರಡರಲ್ಲೂ ಬರೆಯಿರಿ, ಆದರೆ ಗೂಗಲ್ ಅನುವಾದವನ್ನು ಹಾಗೇ ಅಂಟಿಸಬೇಡಿ. ಓದಿದ ತಕ್ಷಣ ಗೊತ್ತಾಗುತ್ತೆ.

ಮತ್ತೆ, ಮುಂದಿನ ವಾರ ಆರ್ಡರ್ ಬರುತ್ತೆ ಅಂತ ಕಾಯಬೇಡಿ. ಕೆಲವು ತಿಂಗಳು ಏನೂ ಆಗದ ಹಾಗೇ ಇರುತ್ತೆ. ಅಷ್ಟರಲ್ಲಿ ಗೂಗಲ್‌ನ ಸರ್ಚ್ ಕನ್ಸೋಲ್ ಹಾಕಿಕೊಳ್ಳಿ, ಅದೂ ಪುಕ್ಕಟೆ. ಜನ ಏನೇನು ಟೈಪ್ ಮಾಡಿ ನಿಮ್ಮ ಹತ್ತಿರ ಬಂದರು ಅಂತ ತೋರಿಸುತ್ತೆ, ಮುಂದಿನ ಬರಹಕ್ಕೆ ವಿಷಯ ಅಲ್ಲೇ ಸಿಗುತ್ತೆ.

ಮತ್ತೊಬ್ಬರ ಪ್ರಶ್ನೆ: ಅಕ್ಕಾ, ನನಗೆ ವ್ಯಾಪಾರ ಇಲ್ಲ. ಬಿ.ಕಾಂ. ಕೊನೇ ವರ್ಷ. ಬ್ಲಾಗ್ ಬರೆದರೆ ಜಾಹೀರಾತಿನಿಂದ ದುಡ್ಡು ಬರುತ್ತಾ?

ಉತ್ತರ: ಜಾಹೀರಾತಿನ ಆಸೆ ಬಿಡು ತಮ್ಮಾ. ಓದುಗರು ಸಾವಿರಗಟ್ಟಲೆ ಆಗುವವರೆಗೂ ಚಹಾ ಖರ್ಚಿಗೂ ಆಗುವುದಿಲ್ಲ. ನಿನಗೆ ಲಾಭ ಬೇರೆ ಕಡೆ ಇದೆ. ಕೆಲಸ ಕೇಳಲು ಹೋದಾಗ ಅನುಭವ ಎಷ್ಟು ಅಂತ ಕೇಳಿದರೆ ತೋರಿಸೋಕೆ ಏನಾದರೂ ಇರುತ್ತೆ. ನಿಮ್ಮೂರಿನ ಕಿರಾಣಿ ಅಂಗಡಿಯವರಿಗೆ ಜಿಎಸ್‌ಟಿಯಲ್ಲಿ ಏನೇನು ಗೊಂದಲ ಆಗುತ್ತೆ, ಹೋಗಿ ಕೇಳಿ, ಅದನ್ನು ಬಿಡಿಸಿ ಕನ್ನಡದಲ್ಲಿ ನಾಲ್ಕು ಬರಹ ಬರಿ. ನಾನು ಕೆಲಸಕ್ಕೆ ತೆಗೆದುಕೊಳ್ಳುವಾಗ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಇಂಥದ್ದನ್ನು ಓದುತ್ತೇನೆ. ಬರೆದ ಮೇಲೆ ಇಲ್ಲೇ ಲಿಂಕ್ ಹಾಕು, ನೋಡೋಣ.