ಸಹಾಯ ಬೇಕು: ಮನೆಯಿಲ್ಲದವರ ಜೊತೆ ನಾಟಕ, ಆಶ್ರಯ ಕೇಂದ್ರಗಳ ಅನುಭವ ಇರುವವರು ಹೇಳಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಸುತ್ತ ಫುಟ್‌ಪಾತ್ ಮೇಲೆ ಮಲಗುವವರ ಮಾತುಗಳಿಂದಲೇ ಒಂದು ನಾಟಕ ಕಟ್ಟುತ್ತಿದ್ದೇವೆ. ರಾತ್ರಿ ಆಶ್ರಯ ಕೇಂದ್ರಗಳನ್ನು ಪಾಲಿಕೆ ಪರವಾಗಿ ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವಲ್ಲ, ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಅನುಮತಿ ಪತ್ರ ಮೊದಲು ಪಾಲಿಕೆಗೆ ಕೊಡಬೇಕೋ, ಸಂಸ್ಥೆಗೋ?

ಅದಕ್ಕಿಂತ ಮುಖ್ಯವಾದದ್ದು, ಕಥೆ ಹೇಳಿದವರಿಗೆ ಸಂಭಾವನೆ ಕೊಡಲೇಬೇಕು ಅಂದುಕೊಂಡಿದ್ದೇವೆ. ಆಧಾರ್, ಬ್ಯಾಂಕ್ ಖಾತೆ ಇಲ್ಲದವರಿಗೆ ನೀವು ಹೇಗೆ ಕೊಡುತ್ತೀರಿ? ಯಾರ ಹೆಸರೂ, ಮುಖವೂ ಹೊರಗೆ ಬರುವುದಿಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದುಕೊಂಡು ಹೋಗುತ್ತಾರೆಂಬ ಭಯ ಇರುವವರಿಗೆ ಇಷ್ಟಾದರೂ ರಕ್ಷಣೆ ಬೇಕೇ ಬೇಕು. ಮನಸ್ಸು ಬದಲಾದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವ ಹಕ್ಕೂ ಅವರದೇ.

ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ, ಇಲ್ಲವೇ ಮೆಸೇಜ್ ಮಾಡಿ.