ಉಚಿತ ಖಾತೆಗೂ ಕಾರ್ಡು ಕೇಳುತ್ತಾರೆ, ಕೊಡಬಹುದೇ?

ಹಾಸನದ ಮೇಷ್ಟ್ರು
ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಕಾಲೇಜಿನ ಪ್ರಾಜೆಕ್ಟಿಗೆ ಇಂಟರ್ನೆಟ್ಟಿನ ಮೂಲಕ ಕಂಪ್ಯೂಟರ್ ಬಳಸಲು ಕೊಡುವ ಒಂದು ಕ್ಲೌಡ್ ಸೇವೆಯಲ್ಲಿ ಖಾತೆ ತೆರೆಯಬೇಕಂತೆ. ಉಚಿತವೆಂದು ದೊಡ್ಡದಾಗಿ ಬರೆದಿದ್ದಾರೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಕಾರ್ಡಿನ ವಿವರ ಕೊಡದೆ ಮುಂದಕ್ಕೆ ಬಿಡುವುದಿಲ್ಲ. ನನ್ನ ಬಳಿ ಇರುವುದು ಸಂಬಳದ ಖಾತೆಯ ಡೆಬಿಟ್ ಕಾರ್ಡು ಒಂದೇ. ಅದಕ್ಕೆ ಮೊದಲು ಮೊಬೈಲ್ ನಂಬರು ಕೇಳಿದ್ದರು, ಅದನ್ನು ಯೋಚಿಸದೆ ಕೊಟ್ಟುಬಿಟ್ಟೆವು. ಕಾರ್ಡು ಎಂದಾಗ ಕೈ ತಡೆಯಿತು. ಕೊಟ್ಟು ಕೆಟ್ಟವರು, ಕೊಡದೆ ದಾರಿ ಕಂಡುಕೊಂಡವರು ಇದ್ದರೆ ಅನುಭವ ತಿಳಿಸಿ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ
ಮೇಷ್ಟ್ರೇ, ಸಂಬಳದ ಖಾತೆಯ ಕಾರ್ಡನ್ನು ಮಾತ್ರ ಕೊಡಬೇಡಿ. ಕೊಟ್ಟ ತಕ್ಷಣ ಹಣ ಹೋಗುತ್ತದೆ ಎಂದು ಹೇಳುತ್ತಿಲ್ಲ. ತಪ್ಪಾದಾಗ ಬ್ಯಾಂಕು ವಿಚಾರಣೆ ಮುಗಿಸುವವರೆಗೆ ಮನೆ ನಡೆಯಬೇಕಲ್ಲ?

2021ರ ಅಕ್ಟೋಬರ್ 1ರಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ವ್ಯವಹಾರಗಳಿಗೆ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿದೆ. ಮೊದಲ ಸಲ ಒಟಿಪಿ ಕೊಟ್ಟು ಒಪ್ಪಿಗೆ ದಾಖಲಿಸಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಇನ್ನೊಂದು ಒಳ್ಳೆಯದು 2022ರ ಅಕ್ಟೋಬರಿನಲ್ಲಿ ಬಂತು: ಇಲ್ಲಿನ ಅಂಗಡಿ, ಆ್ಯಪ್‌ಗಳು ನಿಮ್ಮ ಕಾರ್ಡಿನ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಜಾಗದಲ್ಲಿ ಟೋಕನ್ ಎಂಬ ಬದಲಿ ಸಂಕೇತವನ್ನು ಇಟ್ಟುಕೊಳ್ಳಬೇಕು.

ಇಷ್ಟು ಬೇಲಿಯಿದ್ದರೂ ದನ ನುಗ್ಗುವ ಕಿಂಡಿ ಒಂದಿದೆ. ಹೊರದೇಶದ ಕೆಲವು ತಾಣಗಳಲ್ಲಿ ನಮ್ಮ ಕಾರ್ಡಿನ ನಂಬರು, ಅವಧಿ, ಹಿಂಬದಿಯ ಮೂರು ಅಂಕಿ ಇಷ್ಟಿದ್ದರೆ ಒಟಿಪಿ ಇಲ್ಲದೆಯೂ ಹಣ ಕಡಿತವಾಗಬಹುದು. ಆ ಕಿಂಡಿಯ ಕದ ನಿಮ್ಮ ಕೈಯಲ್ಲೇ ಇದೆ. 2020ರ ಜನವರಿಯ ಆದೇಶದ ಪ್ರಕಾರ ವಿದೇಶಿ ವ್ಯವಹಾರ, ಆನ್‌ಲೈನ್ ವ್ಯವಹಾರ ಎರಡನ್ನೂ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಸೌಲಭ್ಯವನ್ನು ಬ್ಯಾಂಕು ಕೊಡಲೇಬೇಕು; ಮಿತಿಯನ್ನೂ ನೀವೇ ಹಾಕಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿಭಾಗ ನೋಡಿ. ಸೇವೆಯವರು ಕಾರ್ಡು ಪರಿಶೀಲಿಸುವ ಹೊತ್ತಿಗೆ ತೆರೆಯಿರಿ, ಮುಗಿದ ಮೇಲೆ ಮುಚ್ಚಿ. ನಾನು ಕೌಂಟರಿನಲ್ಲಿದ್ದಾಗ ಇದನ್ನು ನೂರಾರು ಜನರಿಗೆ ತೋರಿಸಿಕೊಟ್ಟಿದ್ದೇನೆ. ತೆರೆಯುವುದನ್ನು ಎಲ್ಲರೂ ಕಲಿತರು, ಮುಚ್ಚುವುದನ್ನು ಕಲಿತವರು ಕಡಿಮೆ.

ಕನಿಷ್ಠ ಬಾಕಿಯ ನಿಯಮವಿಲ್ಲದ ಇನ್ನೊಂದು ಉಳಿತಾಯ ಖಾತೆ ತೆರೆದು ಅದರಲ್ಲಿ ಐನೂರು ರೂಪಾಯಿ ಇಡುವುದು ಇನ್ನೂ ನಿಶ್ಚಿಂತೆ. ಒಂದೇ ತೊಡಕು: ಅಂಥ ಖಾತೆಗೆ ಸಾಮಾನ್ಯವಾಗಿ ರುಪೇ ಕಾರ್ಡು ಕೊಡುತ್ತಾರೆ, ಹೊರದೇಶದ ಎಷ್ಟೋ ಸೇವೆಗಳು ಅದನ್ನು ಒಪ್ಪುವುದಿಲ್ಲ. ಮೊದಲೇ ಕೇಳಿ ತೆಗೆದುಕೊಳ್ಳಿ. ಗೊತ್ತಿಲ್ಲದ ಕಡಿತ ಕಂಡರೆ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿ; ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದೆ ಬೇರೆಡೆ ಆಗಿದ್ದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ವಂಚನೆಯೇ ಆಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೋಡು ಬರೆಯುವವಳು, ಬೆಂಗಳೂರು
ಕಾರ್ಡು ಕೇಳುವುದರ ಹಿಂದೆ ಕಥೆಯಿದೆ. ಉಚಿತವಾಗಿ ಕಂಪ್ಯೂಟರ್ ಕೊಟ್ಟರೆ ಕ್ರಿಪ್ಟೋ ನಾಣ್ಯ ಗಣಿಗಾರಿಕೆ (ಕಂಪ್ಯೂಟರಿನ ಲೆಕ್ಕಾಚಾರದಿಂದ ಡಿಜಿಟಲ್ ನಾಣ್ಯ ಗಳಿಸುವುದು) ಮಾಡುವವರು ಸಾವಿರಾರು ಸುಳ್ಳು ಖಾತೆ ತೆರೆದು ಹಗಲೂ ರಾತ್ರಿ ಓಡಿಸುತ್ತಾರೆ. ಕೋಡು ಇಟ್ಟು ಓಡಿಸುವ ತಾಣವಾದ ಗಿಟ್‌ಲ್ಯಾಬ್ 2021ರ ಮೇ ತಿಂಗಳಿನಲ್ಲಿ ಉಚಿತ ಬಳಕೆದಾರರಿಂದಲೂ ಕಾರ್ಡು ಕೇಳಲು ಶುರುಮಾಡಿದ್ದು ಇದೇ ಕಾರಣಕ್ಕೆ. ಆ್ಯಪ್‌ಗಳನ್ನು ಓಡಿಸಿಕೊಡುವ ಕ್ಲೌಡ್ ಸೇವೆ ಹೆರೋಕು 2022ರ ನವೆಂಬರಿನಲ್ಲಿ ಉಚಿತ ಯೋಜನೆಯನ್ನೇ ಕಿತ್ತುಹಾಕಿತು. ಹಾಗಾಗಿ ಅಲ್ಲಿ ಕಾರ್ಡು ಒಂದು ರೀತಿಯ ಜಾಮೀನು. ಕಾರ್ಡು ನಿಜವೇ ಎಂದು ಪರಿಶೀಲಿಸಲು ಒಂದೆರಡು ರೂಪಾಯಿ ಕಡಿತ ಮಾಡಿ ವಾಪಸು ಹಾಕುತ್ತಾರೆ.

ನನಗೆ ಪೆಟ್ಟು ಬಿದ್ದದ್ದು ಪರಿಶೀಲನೆಯಲ್ಲಲ್ಲ, ನನ್ನ ಮರೆವಿನಲ್ಲಿ. ಪ್ರಯೋಗಕ್ಕೆಂದು ಒಂದು ಡೇಟಾಬೇಸ್ ಚಾಲೂ ಮಾಡಿ ಊರಿನ ಜಾತ್ರೆಗೆ ಹೋದೆ. ಉಚಿತ ಅವಧಿ ಮುಗಿದದ್ದು ಗೊತ್ತಾಗಿದ್ದು ಒಂಬತ್ತು ಸಾವಿರದ ಬಿಲ್ಲು ಬಂದಾಗ. ಬಜೆಟ್ ಎಚ್ಚರಿಕೆ ಹಾಕಿದ್ದೆ. ಅದು ಕೂಗಿ ಹೇಳುತ್ತದೆಯೇ ಹೊರತು ನಲ್ಲಿಯನ್ನು ನಿಲ್ಲಿಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಹಿಂದಿನ ದಿನ ಸಂದೇಶವೂ ಬಂದಿತ್ತು, ನೂರು ಜಾಹೀರಾತುಗಳ ನಡುವೆ. ಬೇಡಿಕೊಂಡು ಬರೆದ ಮೇಲೆ ಅರ್ಧ ಮನ್ನಾ ಮಾಡಿದರು.

ಸರ್, ನಿಮ್ಮ ಮಗಳಿಗೆ ಕಾಲೇಜಿನ ಇಮೇಲ್ ವಿಳಾಸ ಇದೆಯೇ ಎಂದು ಮೊದಲು ಕೇಳಿ. ಮೈಕ್ರೋಸಾಫ್ಟಿನ ಅಜೂರ್ ವಿದ್ಯಾರ್ಥಿ ಯೋಜನೆ ಕಾಲೇಜಿನ ವಿಳಾಸ ನೋಡಿ 100 ಡಾಲರ್ ಮೊತ್ತದ ಬಳಕೆ ಕೊಡುತ್ತದೆ, ಕಾರ್ಡು ಕೇಳುವುದಿಲ್ಲ. ಬರೀ ಪೈಥಾನ್ ಭಾಷೆಯ ಪ್ರೋಗ್ರಾಂ ಓಡಿಸುವ ಕೆಲಸವಾದರೆ ಗೂಗಲ್ ಕೊಲ್ಯಾಬ್ ಸಾಕು, ಅದಕ್ಕೂ ಕಾರ್ಡು ಬೇಡ.

ದೂರದೇಶಿ, ಜರ್ಮನಿ
ಎಲ್ಲರೂ ಕಾರ್ಡಿನ ಸುತ್ತಲೇ ಸುತ್ತುತ್ತಿದ್ದೀರಿ. ಮೇಷ್ಟ್ರು ಯೋಚಿಸದೆ ಕೊಟ್ಟ ನಂಬರಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಕಾರ್ಡು ಕೆಟ್ಟರೆ ರದ್ದು ಮಾಡಿಸಿ ಹೊಸದು ತರಿಸಬಹುದು. ನಂಬರು ಹಾಗಲ್ಲ, ಹತ್ತು ಕಡೆ ಬೇರು ಬಿಟ್ಟಿರುತ್ತದೆ.

ನಾನು ಇಲ್ಲಿಗೆ ಬಂದ ಮೇಲೆ ದಾವಣಗೆರೆಯಲ್ಲಿ ಕೊಂಡಿದ್ದ ಸಿಮ್ಮಿಗೆ ರೀಚಾರ್ಜ್ ಮಾಡಿಸುವುದನ್ನು ನಿಲ್ಲಿಸಿದೆ. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು ಎಂಬ ನಿಯಮ ಆಗ ನನಗೆ ಗೊತ್ತಿರಲಿಲ್ಲ. ಎರಡು ವರ್ಷದ ನಂತರ ಹೊಸ ಲ್ಯಾಪ್‌ಟಾಪಿನಿಂದ ಹಳೆಯ ಇಮೇಲ್ ತೆರೆಯಲು ಹೋದರೆ, ಕೋಡನ್ನು ಆ ನಂಬರಿಗೇ ಕಳಿಸಿದ್ದೇವೆ ಎಂದಿತು. ಕರೆ ಮಾಡಿದೆ. ಎತ್ತಿಕೊಂಡವರು ಅಡಿಕೆ ವ್ಯಾಪಾರದ ಹಿರಿಯರು. ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ತಮ್ಮಾ, ನೀವು ಒಳ್ಳೆಯವರೇ ಇರಬಹುದು. ಆದರೆ ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹೇಳಿದ್ದಾರೆ" ಎಂದು ಫೋನಿಟ್ಟರು. ಅವರನ್ನು ಹೇಗೆ ತಪ್ಪೆನ್ನಲಿ? ಹದಿನಾಲ್ಕು ವರ್ಷದ ಪತ್ರಗಳು, ಅಪ್ಪನ ಫೋಟೋಗಳು ಹೋದವು.

ಈಗ ನಂಬರು ಕೇಳಿದರೆ ಖಾತೆ ತೆರೆಯುವಾಗ ಕೊಡುತ್ತೇನೆ, ಅದೇ ದಿನ ಸಿಮ್ಮಿನ ಹಂಗಿಲ್ಲದೆ ಫೋನಿನಲ್ಲೇ ಕೋಡು ಕೊಡುವ ಅಥೆಂಟಿಕೇಟರ್ ಆ್ಯಪ್ ಜೋಡಿಸುತ್ತೇನೆ. ಫೋನು ಕೈಕೊಟ್ಟಾಗ ಬಳಸುವ ತುರ್ತು ಕೋಡುಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡುತ್ತೇನೆ. ಗೂಗಲ್ ಒಮ್ಮೆಗೆ ಹತ್ತು ಕೊಡುತ್ತದೆ.

ಮಂಗಳೂರಿನವನು
ಸುರಕ್ಷತೆಗೆಂದು ಕೇಳಿದ ನಂಬರು ಸುರಕ್ಷತೆಗೇ ಬಳಕೆಯಾಗುತ್ತದೆ ಎಂಬ ನಂಬಿಕೆಯೂ ಬೇಡ. ಹಾಗೆ ಪಡೆದ ನಂಬರುಗಳನ್ನು ಜಾಹೀರಾತಿಗೆ ಬಳಸಿದ್ದಕ್ಕೆ ಟ್ವಿಟರ್ 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು.

ಹಾಗೆಂದು ಕೋಡು ಪಡೆಯಲು ತಾತ್ಕಾಲಿಕ ನಂಬರು ಕೊಡುವ ಬಾಡಿಗೆ ನಂಬರಿನ ತಾಣಗಳಿಗೆ ಹೋಗಬೇಡಿ. ಅಲ್ಲಿ ನಿಮ್ಮ ಕೋಡನ್ನು ಊರೆಲ್ಲ ಓದಬಹುದು. ನಾನು ಹಾಗೆ ತೆರೆದ ಖಾತೆಯನ್ನು ಮರುದಿನವೇ ಇನ್ಯಾರೋ ತಮ್ಮದು ಮಾಡಿಕೊಂಡರು. ನಿಮ್ಮದೇ ಹೆಸರಿನಲ್ಲಿ ಎರಡನೆಯ ಸಿಮ್ ತೆಗೆದುಕೊಳ್ಳಿ. ಒಬ್ಬರಿಗೆ ಒಂಬತ್ತರವರೆಗೆ ಅವಕಾಶವಿದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ಒಮ್ಮೆ ನೋಡಿ. ನನ್ನ ಹೆಸರಿನಲ್ಲಿ ನಾನು ಕಂಡರಿಯದ ಒಂದು ಇತ್ತು.

ಗ್ರಾಹಕರ ಪರ, ಧಾರವಾಡ
ಕ್ಲೌಡ್ ಸೇವೆಗೆ ಜಾಮೀನು ಕೇಳುವುದು ಬೇರೆ, ಏಳು ದಿನ ಉಚಿತ ಎಂದು ಕರೆದು ಎಂಟನೆಯ ದಿನ ಕತ್ತರಿ ಹಾಕುವುದು ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಹದಿಮೂರು ಬಗೆಯ ಆನ್‌ಲೈನ್ ಕಪಟಗಳನ್ನು ಪಟ್ಟಿ ಮಾಡಿದೆ. ಉಚಿತ ಚಂದಾಕ್ಕೆ ಪಾವತಿಯ ವಿವರವನ್ನೋ ತಾನಾಗಿ ಕಡಿತ ಮಾಡುವ ಒಪ್ಪಿಗೆಯನ್ನೋ ಬಲವಂತವಾಗಿ ಪಡೆಯುವುದು ಅದರಲ್ಲಿ ಒಂದು. ನನ್ನ ತಾಯಿ ಭಜನೆಯ ಆ್ಯಪ್ ಒಂದರಲ್ಲಿ ಹೀಗೆ ಸಿಕ್ಕಿಕೊಂಡಿದ್ದರು. ಒಂದು ರೂಪಾಯಿ ಎಂದು ಯುಪಿಐ ಪಿನ್ ಒತ್ತಿದ್ದು, ಅದು ಪ್ರತಿ ತಿಂಗಳ ಆಟೋಪೇ ಒಪ್ಪಿಗೆಯಾಗಿತ್ತು. ಆ್ಯಪ್ ಅಳಿಸಿದರೂ ಕಡಿತ ನಿಲ್ಲಲಿಲ್ಲ. ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಗೆ ಹೋಗಿ ರದ್ದು ಮಾಡಬೇಕಾಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಒಂದು ತಿಂಗಳ ಹಣ ಮರಳಿತು.

ಒಬ್ಬ ಸಂಪಾದಕ
ವಿಷಯಾಂತರಕ್ಕೆ ಕ್ಷಮೆಯಿರಲಿ. ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆಯಲು ನಂಬರೂ ಬೇಡ, ಕಾರ್ಡೂ ಬೇಡ, ಇಮೇಲ್ ಕೂಡ ಕಡ್ಡಾಯವಿಲ್ಲ. ಆದರೆ ಇಮೇಲ್ ಕೊಡದೆ ಪಾಸ್‌ವರ್ಡ್ ಮರೆತರೆ ಹೊಸ ಖಾತೆಯೇ ಗತಿ. ನನ್ನದು ಈಗ ಮೂರನೆಯದು.

ಹಾಸನದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಕಾರ್ಡಿನ ವಿದೇಶಿ ವ್ಯವಹಾರ ನೋಡಿದೆ, ತೆರೆದೇ ಇತ್ತು. ಯಾವಾಗ ತೆರೆದೆನೋ ನೆನಪಿಲ್ಲ. ಮುಚ್ಚಿದೆ. ಕಾಲೇಜಿನ ಇಮೇಲ್ ಮೊದಲ ವರ್ಷವೇ ಕೊಟ್ಟಿದ್ದಾರಂತೆ, ಮಗಳು ಪಾಸ್‌ವರ್ಡ್ ಮರೆತಿದ್ದಾಳೆ. ಹೊಸದು ಮಾಡಿಕೊಳ್ಳಲು ಕೋಡು ಹೋಗುವುದು ಅವಳ ಆಗಿನ ಸಿಮ್ಮಿಗೆ, ಆ ಸಿಮ್ ಈಗ ಸಕಲೇಶಪುರದಲ್ಲಿ ಅವಳ ಅಜ್ಜಿಯ ಮೊಬೈಲಿನಲ್ಲಿದೆ. ಕೋಡಿನ ಆಯುಸ್ಸು ಹತ್ತು ನಿಮಿಷ. ಅಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇವೆ.