ನಕಾಶೆಯಲ್ಲಿ ನೀಲಿ, ಮಾರ್ಚ್‌ನಲ್ಲಿ ಒಣ: ಈ ತೋಡನ್ನು ಯಾವ ಪಟ್ಟಿಗೆ ಸೇರಿಸುವುದು?

ಬೈಲುಬದಿ:
ಉಡುಪಿ ಕಡೆ ಸ್ವರ್ಣಾ ನದಿಗೆ ಸೇರುವ ಒಂದು ತೋಡಿನ (ಸಣ್ಣ ಹಳ್ಳದ) ಪುನಶ್ಚೇತನಕ್ಕೆ ಯೋಜನೆ ಬರೆಯಲಿಕ್ಕುಂಟು. ಉದ್ದ ಸುಮಾರು 4 ಕಿ.ಮೀ., ಕವಲುಗಳು ಆರು. ಸರ್ವೇ ಆಫ್ ಇಂಡಿಯಾದ 1:50,000 ನಕಾಶೆಯಲ್ಲಿ ಮುಖ್ಯ ತೋಡು ನೀಲಿ (ಅಂದರೆ ವರ್ಷಪೂರ್ತಿ ನೀರು), ಕವಲುಗಳು ಕಪ್ಪು (ಅಂದರೆ ಬೇಸಗೆಗೆ ಒಣಗುವಂಥವು). ಆದರೆ ಮಾರ್ಚ್‌ನಲ್ಲಿ ಮುಖ್ಯ ತೋಡೇ ಅಲ್ಲಲ್ಲಿ ಒಣಗಿದೆ, ಕಪ್ಪು ಗೆರೆಯ ಒಂದು ಕವಲಿನಲ್ಲಿ ನೀರು ಹರಿಯುತ್ತಿದೆ. ಯಾವುದನ್ನು ನಂಬುವುದು?

ಮುರಕಲ್ಲು:
ನಕಾಶೆಯ ಬಣ್ಣ ಅದನ್ನು ಮಾಡಿದ ಕಾಲದ್ದು. ತೋಡುಗಳಿಗೆ ನಂಬರು ಹಾಕಲಿಕ್ಕೆ ಬಳಸಿ, ಅಷ್ಟು ಸಾಕು.

ಇಡೀ ತೋಡಿಗೆ ಒಂದೇ ಹಣೆಪಟ್ಟಿ ಹಚ್ಚಬೇಡಿ. ಕವಲು ಸೇರುವಲ್ಲಿ, ಕಟ್ಟ (ಅಡ್ಡ ಹಾಕಿದ ಸಣ್ಣ ಒಡ್ಡು) ಇರುವಲ್ಲಿ, ತಳ ಬಂಡೆಯಿಂದ ಮರಳಿಗೆ ತಿರುಗುವಲ್ಲಿ ತುಂಡು ಮಾಡಿ. ಪ್ರತಿ ತುಂಡನ್ನೂ ನವೆಂಬರ್ ಕೊನೆ, ಜನವರಿ ಕೊನೆ, ಏಪ್ರಿಲ್ ಎರಡನೇ ಪಕ್ಷದಲ್ಲಿ ನೋಡಿ. ಹಿಂದಿನ ಒಂದು ವಾರದಲ್ಲಿ ಮಳೆ ಬಂದಿದ್ದರೆ ಆ ಭೇಟಿ ಮುಂದಕ್ಕೆ ಹಾಕಿ. ಬರೆಯುವುದು ಮೂರೇ: ಹರಿವು, ನಿಂತ ಗುಂಡಿ, ಒಣ. ಏಪ್ರಿಲ್‌ನಲ್ಲೂ ಹರಿದರೆ ವರ್ಷಪೂರ್ತಿಯದ್ದು. ಜನವರಿವರೆಗೆ ಹರಿದು ಏಪ್ರಿಲ್‌ಗೆ ಗುಂಡಿ ಮಾತ್ರ ಉಳಿದರೆ ಅಥವಾ ಒಣಗಿದರೆ ಋತುಮಾನದ್ದು. ನವೆಂಬರ್‌ಗೇ ಒಣಗಿದ್ದರೆ ಬರೀ ಮಳೆನೀರಿನ ದಾರಿ. ಒಂದೇ ವರ್ಷದ ಲೆಕ್ಕವಾದರೆ ‘ತಾತ್ಕಾಲಿಕ’ ಅಂತ ಬರೆದಿಡಿ.

ಸಣ್ಣ ಹರಿವು ಅಳೆಯಲು 90 ಡಿಗ್ರಿ ವಿ ಆಕಾರದಲ್ಲಿ ಕತ್ತರಿಸಿದ ತಗಡು ಅಡ್ಡ ನಿಲ್ಲಿಸಿ. ವಿ ತುದಿಯಿಂದ ನೀರು 10 ಸೆಂ.ಮೀ. ಎತ್ತರ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. ಎತ್ತರವನ್ನು ತಗಡಿನ ಬಾಯಲ್ಲೇ ಅಳೆದರೆ ಕಡಿಮೆ ಬರುತ್ತದೆ, ಅಲ್ಲಿ ನೀರು ಬಾಗಿ ಇಳಿದಿರುತ್ತದೆ. ಅರ್ಧ ಮೀಟರ್ ಮೇಲಕ್ಕೆ ಹೋಗಿ ಅಳೆಯಿರಿ. ತಗಡಿನ ಬದಿ, ಅಡಿಗಳಿಗೆ ಜೇಡಿಮಣ್ಣು ಮೆತ್ತದಿದ್ದರೆ ಸೋರಿದ್ದೆಲ್ಲ ಲೆಕ್ಕ ತಪ್ಪುತ್ತದೆ.

ಕೊಳಕೆಗದ್ದೆ:
ಮೇಲಿನದ್ದು ಸರಿ, ಆದರೆ ಅದು ಹೇಳುವುದು ಈಗಿನ ಸ್ಥಿತಿ ಮಾತ್ರ. ‘ಸಹಜ ಸ್ಥಿತಿ’ ಅಂತ ಇನ್ನೊಂದು ಕಾಲಂ ಬೇಕೇ ಬೇಕು. ಮೇಲ್ಗಡೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ್ದರೆ, ಅಡಿಕೆ ತೋಟಗಳ ಪಂಪು ತೋಡಿಗೇ ಇಳಿದಿದ್ದರೆ, ಕೆಳಗೆ ಒಣಗುವುದು ತೋಡಿನ ಗುಣ ಅಲ್ಲ.

ಹಿರಿಯರನ್ನು ಕೇಳುವಾಗ ‘ಯಾವ ತಿಂಗಳು ಒಣಗುತ್ತಿತ್ತು’ ಅಂತ ಕೇಳಬೇಡಿ, ಅಂದಾಜು ಉತ್ತರ ಸಿಗುತ್ತದೆ. ತುಳುನಾಡಿನ ಆಚರಣೆಗಳನ್ನು ಹಿಡಿದು ‘ಕೆಡ್ಡಸಕ್ಕೆ (ಫೆಬ್ರವರಿ) ಹರಿಯುತ್ತಿತ್ತಾ? ಬಿಸುವಿಗೆ (ಏಪ್ರಿಲ್ ಮಧ್ಯ)? ಪತ್ತನಾಜೆಗೆ (ಮೇ ಕೊನೆ)?’ ಅಂತ ಕೇಳಿ. ತೋಡಿನ ನೀರಲ್ಲೇ ಕೊಳಕೆ ಬೆಳೆಯುತ್ತಿದ್ದ ಬೈಲುಗದ್ದೆ ಪಕ್ಕದಲ್ಲಿದ್ದರೆ ಇನ್ನೂ ಗಟ್ಟಿ ಪುರಾವೆ, ಕೊಳಕೆ ಅಂದರೆ ಮೂರನೇ ಭತ್ತದ ಬೆಳೆ, ಅದಕ್ಕೆ ಬೇಸಗೆಯಲ್ಲೂ ನೀರು ಬೇಕಿತ್ತಲ್ಲ.

ಇನ್ನು ನಿಮ್ಮ ಹರಿಯುವ ಕವಲು. ಸ್ಪ್ರಿಂಕ್ಲರ್ ನೀರು ತೋಟದಿಂದ ಬಸಿದು ಬರುತ್ತಿರಬಹುದು. ಪಂಪಿನ ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಲ್ಲಿ, ಸಾಧ್ಯವಾದರೆ ಒಂದೆರಡು ದಿನ ತೋಟಕ್ಕೆ ನೀರು ಬಿಡದ ಮೇಲೆ ನೋಡಿ, ಹರಿವು ಕುಗ್ಗಿದರೆ ಅದೇ. ಒರತೆಯಾದರೆ ದಡದ ಬುಡದಲ್ಲಿ ತುಕ್ಕು ಬಣ್ಣದ ಲೋಳೆ, ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಹೆಚ್ಚಾಗಿ ಸಿಗುತ್ತದೆ. ಕಡ್ಡಿಯಿಂದ ತಟ್ಟಿ: ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಕಬ್ಬಿಣದ ಬ್ಯಾಕ್ಟೀರಿಯಾ, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಮಂಗಳೂರು ಪೇಟೆಯ ತೋಡುಗಳಲ್ಲಿ ಬೇಸಗೆಯ ಹರಿವು ಎಷ್ಟೋ ಸಲ ಒಳಚರಂಡಿಯದ್ದೇ. ವಿದ್ಯುತ್ ವಾಹಕತೆ ಮೀಟರ್ (ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವುದು) ಇದ್ದರೆ ಮೇಲಿನಿಂದ ಕೆಳಗೆ ಅಳೆಯುತ್ತಾ ಬನ್ನಿ, ಒಮ್ಮೆಲೇ ಏರಿದ ಜಾಗದಲ್ಲಿ ಪೈಪು ಹುಡುಕಿ. ಕಡಲ ಹತ್ತಿರವಾದರೆ ಇಳಿತದ ಹೊತ್ತಲ್ಲೇ ಅಳೆಯಬೇಕು.

ಬೈಲುಬದಿ:
ಕವಲಿನ ಮೇಲೆ ತೋಟ ಉಂಟು. ಪರೀಕ್ಷಿಸುತ್ತೇನೆ. ವಿಂಗಡಿಸಿದ ಮೇಲೆ ಕೆಲಸದಲ್ಲಿ ಏನು ವ್ಯತ್ಯಾಸ?

ಮುರಕಲ್ಲು:
ಬಹಳ. ವರ್ಷಪೂರ್ತಿಯ ತುಂಡಿಗೆ ಹೊಸ ಅಡ್ಡಗೋಡೆ ಬೇಡ. ದಡದ ಮುಂಡುಗ, ಹೊಳೆಮತ್ತಿಯಂಥ ಗಿಡಮರ ಉಳಿಸಿ, ಪಂಪಿಗೆ ಮಿತಿ ಹಾಕಿ. ಋತುಮಾನದ್ದಕ್ಕೆ ಹರಿವು ಇರುವಾಗಲೇ ಕಟ್ಟ ಹಾಕಬೇಕು, ಜನವರಿ ಕಳೆದು ಹೊರಟರೆ ಹಿಡಿಯಲು ನೀರು ಸಾಕಾಗುವುದಿಲ್ಲ. ಬೇಸಗೆಯ ಗುಂಡಿಗಳನ್ನು ಮುಟ್ಟಬೇಡಿ, ಮೀನು ಉಳಿಯುವುದೇ ಅಲ್ಲಿ.

ಮಳೆನೀರಿನ ದಾರಿಗೆ ಕಲ್ಲಿನ ಸಣ್ಣ ತಡೆ ಸಾಕು. ಕಡಿದಾದ ಗುಡ್ಡದಲ್ಲಿ ಇಂಗುಗುಂಡಿ ಮಾತ್ರ ಬೇಡ ಮಾರಾಯ್ರೆ. ಮುರಕಲ್ಲಿನ (ಜಂಬಿಟ್ಟಿಗೆಯ) ಅಡಿಯ ಶೇಡಿ ಮಣ್ಣು, ಅಂದರೆ ಮೆತ್ತಗಿನ ಜೇಡಿ, ನೀರು ಕುಡಿದರೆ ಗುಡ್ಡವೇ ಜರಿಯುತ್ತದೆ.

ಯೋಜನೆಯಲ್ಲಿ ‘ಹೂಳೆತ್ತುವುದು’ ಅಂತ ಬರೆಯುವ ಮುಂಚೆ ಹೂಳಿನ ದಪ್ಪ ಕಬ್ಬಿಣದ ಸರಳು ಚುಚ್ಚಿ ನೋಡಿ. ಜೆಸಿಬಿ ಹೂಳು ದಾಟಿ ಹಳೆಯ ತಳವನ್ನೂ ಕೆರೆದರೆ ತೋಡು ಆಳವಾಗಿ, ಪಕ್ಕದ ಬಾವಿಗಳ ನೀರನ್ನೂ ಬೇಗ ಎಳೆದುಕೊಂಡು ಹೋಗುತ್ತದೆ.